ಗೋಡೆಗೆ ಎರಡು ಮುಖ

ಮದ್ದೂರು, ಮಳವಳ್ಳಿ ಕಡೆಯ ಹಳೆಯ ತೊಟ್ಟಿಮನೆಯ ತಲೆಬಾಗಿಲನ್ನು ಬೀದಿಯಲ್ಲಿ ನಿಂತು ನೋಡಿದರೆ ದಪ್ಪ ಹಲಗೆಯ ಎರಡು ಕದ, ಬಾಗಿಲುವಾಡ, ಒಂದು ಚಿಲಕ, ಇಷ್ಟೇ ಕಾಣುತ್ತದೆ. ಬಾಗಿಲಿನ ಬುದ್ಧಿಯೆಲ್ಲ ಒಳಮುಖದಲ್ಲಿದೆ. ಕದದ ಪಕ್ಕದ ದಪ್ಪ ಮಣ್ಣುಗೋಡೆಯಲ್ಲಿ ಆಳವಾದ ಒಂದು ಪೊಟರೆ. ಅದರೊಳಗೆ ಹಗಲೆಲ್ಲ ಅಡಗಿ ಕೂತ ಮರದ ಲಾಳವಿಂಡಿಗೆ. ರಾತ್ರಿ ಅದನ್ನು ಎಳೆದರೆ ಎರಡೂ ಕದಗಳ ಬೆನ್ನಿಗೆ ಅಡ್ಡವಾಗಿ ಸರಿದು ಎದುರು ಗೋಡೆಯ ಗೂಡು ಸೇರುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ಕಳ್ಳನಿಗೂ ಗೊತ್ತಿತ್ತು. ಗೊತ್ತಿದ್ದು ಪ್ರಯೋಜನವಿರಲಿಲ್ಲ, ಅವನ ಕೈ ಅಲ್ಲಿಗೆ ತಲುಪುತ್ತಿರಲಿಲ್ಲ. ಒಳಗಿದ್ದವರಿಗೋ ಬೀಗದ ಕೈ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಕತ್ತಲಲ್ಲಿ ತಡಕಾಡಿ ಒಮ್ಮೆ ಸರಿಸಿದರೆ ಬೀದಿಗೆ ಬರಬಹುದಿತ್ತು. ಹೊರಗಿನವನ ಕೈಗೆ ನಿಲುಕದಿರುವುದು, ಒಳಗಿನವನ ಕೈಗೆ ತಕ್ಷಣ ಸಿಗುವುದು: ಬಾಗಿಲು ಕಾಯುವ ವಿದ್ಯೆಯೆಲ್ಲ ಈ ಎರಡು ಮಾತಿನಲ್ಲಿ ಅಡಗಿದೆ.

ಇಂದು ಮಂಡ್ಯದಂಥ ಊರಿನ ಆಸ್ಪತ್ರೆ, ಬ್ಯಾಂಕು, ಕಾಲೇಜಿನ ಪ್ರಯೋಗಾಲಯಗಳ ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಬಂದು ಕೂರುತ್ತಿದೆ. ಕಾರ್ಡು ಹಿಡಿದರೆ ಪೀಂ ಎನ್ನುತ್ತದೆ, ಹಸಿರು ದೀಪ ಮಿನುಗುತ್ತದೆ, ಬಾಗಿಲು ಬಿಡುತ್ತದೆ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎಷ್ಟು ಕಾರ್ಡು ಹಿಡಿಸುತ್ತದೆ, ಬೆರಳಚ್ಚು ಓದುತ್ತದೆಯೇ, ಮೊಬೈಲಿಗೆ ಜೋಡಿಸಬಹುದೇ ಎಂದು. ಇವೆಲ್ಲ ಎರಡನೆಯ ಸಾಲಿನ ಪ್ರಶ್ನೆಗಳು. ಬಾಗಿಲು ಭದ್ರವೋ ಅಲ್ಲವೋ ಎಂಬುದನ್ನು ಪೆಟ್ಟಿಗೆಯ ಜಾಣತನಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಗೋಡೆಯ ಯಾವ ಮುಖದಲ್ಲಿ ಏನನ್ನು ಕೂರಿಸಿದ್ದೇವೆ ಎಂಬುದು. ನಿರ್ಧಾರ ಒಳಗೋಡೆಯಲ್ಲಿರಬೇಕು, ಹೊರಹೋಗುವ ಹಕ್ಕು ಒಳಗಿರುವವರ ಕೈಯಲ್ಲಿರಬೇಕು. ಇದನ್ನು ತಪ್ಪಿಸಿದರೆ ಲಕ್ಷ ರೂಪಾಯಿಯ ಯಂತ್ರವೂ ಲಾಳವಿಂಡಿಗೆಗಿಂತ ಕಡೆಯಾಗುತ್ತದೆ. ಈ ಅಧ್ಯಾಯದ ವಾದ ಇಷ್ಟೇ. ಅದನ್ನು ಭೌತವಿಜ್ಞಾನದಿಂದಲೇ ತೋರಿಸಬಹುದು.

ಮೊದಲು ಕಾರ್ಡನ್ನು ನೋಡೋಣ. ಅದರಲ್ಲಿ ಬ್ಯಾಟರಿ ಇಲ್ಲ. ಪದರ ಬಿಡಿಸಿದರೆ ಅಂಚಿನುದ್ದಕ್ಕೂ ಕೆಲವು ಸುತ್ತು ಸುತ್ತಿದ ಕೂದಲೆಳೆಯ ತಂತಿ, ಅದರ ತುದಿಗೆ ರಾಗಿಕಾಳಿನಷ್ಟು ಚಿಪ್ ಸಿಗುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲೂ, ಅಂದರೆ ರೀಡರಿನಲ್ಲೂ, ಇಂಥದೇ ತಂತಿಯ ಸುರುಳಿ. ರೀಡರಿನ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 1 ಲಕ್ಷದ 25 ಸಾವಿರ ಸಲವೋ, ಹೊಸ ಬಗೆಯದಾದರೆ 1 ಕೋಟಿ 35 ಲಕ್ಷಕ್ಕೂ ಹೆಚ್ಚು ಸಲವೋ ಹಿಂದುಮುಂದಾಗುತ್ತಿರುತ್ತದೆ. ಅದರಿಂದ ಸುತ್ತ ಕಾಂತಕ್ಷೇತ್ರ ಏಳುತ್ತ ಬೀಳುತ್ತ ಇರುತ್ತದೆ. ಕಾರ್ಡು ಹತ್ತಿರ ಬಂದಾಗ ಆ ಏರಿಳಿತ ಅದರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಚಿಪ್ ಎಚ್ಚರಗೊಂಡು ತನ್ನ ಸಂಖ್ಯೆ ಹೇಳುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮವಿದು. ಮಳವಳ್ಳಿ ತಾಲ್ಲೂಕಿಗೆ ಈ ನಿಯಮ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಧಾರೆ ಚಕ್ರಗಳನ್ನು ತಿರುಗಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಅಟ್ಟಿದ್ದು ಇದೇ ನಿಯಮದ ಬಲದಿಂದ. ಜನರೇಟರಿನಲ್ಲೂ ಟ್ರಾನ್ಸ್‌ಫಾರ್ಮರಿನಲ್ಲೂ ನಡೆಯುವುದು ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವಿದ್ಯುತ್ತು ಹರಿಸುವ ಕೆಲಸವೇ. ಅಲ್ಲಿ ದೊಡ್ಡ ಯಂತ್ರಗಳಲ್ಲಿ ನಡೆದದ್ದು ಇಲ್ಲಿ ನಾಲ್ಕು ಬೆರಳಿನ ಅಂತರದಲ್ಲಿ ನಡೆಯುತ್ತದೆ. ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲಿ ಇಂಥ ಕಾರ್ಡಿಗೆ ಪೇಟೆಂಟ್ ಪಡೆದಾಗ ಅವರ ಕಣ್ಣ ಮುಂದಿದ್ದ ಕೆಲಸವೂ ಕೀಲಿಯಿಲ್ಲದೆ ಬಾಗಿಲು ತೆರೆಯುವುದೇ ಆಗಿತ್ತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಕಾರ್ಡು ಬಾಗಿಲು ತೆರೆಯುವುದಿಲ್ಲ, ರೀಡರೂ ತೆರೆಯುವುದಿಲ್ಲ. ಕಾರ್ಡು ತನ್ನ ಸಂಖ್ಯೆ ಹೇಳುತ್ತದೆ, ರೀಡರು ಅದನ್ನು ಕೇಳಿಸಿಕೊಂಡು ತಂತಿಯ ಮೂಲಕ ದಾಟಿಸುತ್ತದೆ. ದಶಕಗಳಿಂದ ರೂಢಿಯಲ್ಲಿರುವ ವೀಗಾಂಡ್ ಪದ್ಧತಿಯಲ್ಲಿ ಆ ಸಂದೇಶದ ಉದ್ದ ಬರೀ 26 ಬಿಟ್: ಎಂಟು ಬಿಟ್ ಸಂಸ್ಥೆಯ ಗುರುತಿಗೆ, ಹದಿನಾರು ಬಿಟ್ ಕಾರ್ಡಿನ ಸಂಖ್ಯೆಗೆ, ಎರಡು ಬಿಟ್ ತಪ್ಪು ಪತ್ತೆಗೆ. ಒಂದು ಸಂಸ್ಥೆಯ ಗುರುತಿನಡಿ 65,536 ಕಾರ್ಡು ಕೊಡಬಹುದು. ಈ ಸಂಖ್ಯೆ ನಮ್ಮ ಪಟ್ಟಿಯಲ್ಲಿದೆಯೇ, ಈ ಹೊತ್ತಿನಲ್ಲಿ ಇವರನ್ನು ಬಿಡಬಹುದೇ ಎಂದು ತೂಗಿ ನೋಡುವುದು ಕಂಟ್ರೋಲರ್. ಒಪ್ಪಿಗೆಯಾದರೆ ಅದು ರಿಲೇ ಎಂಬ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ, ರಿಲೇ ಬೀಗದ ವಿದ್ಯುತ್ತನ್ನು ಬದಲಿಸುತ್ತದೆ. ಅಂದರೆ ಕಾರ್ಡಿನಿಂದ ಕಂಟ್ರೋಲರಿನವರೆಗೆ ಹರಿಯುವುದು ಕೋರಿಕೆ. ರಿಲೇಯಿಂದ ಬೀಗಕ್ಕೆ ಹರಿಯುವುದು ಅಪ್ಪಣೆ. ಕೋರಿಕೆಯ ತಂತಿ ಹೊರಗಿದ್ದರೆ ಅಪಾಯ ಅಷ್ಟಕ್ಕಷ್ಟೇ. ಅಪ್ಪಣೆಯ ತಂತಿ ಹೊರಗಿದ್ದರೆ ಬಾಗಿಲಿದ್ದೂ ಇಲ್ಲದಂತೆ. ಪೇಟೆಯಲ್ಲಿ ಹೆಚ್ಚು ಬಿಕರಿಯಾಗುವ ಅಗ್ಗದ ಮಾದರಿಗಳಲ್ಲಿ ರೀಡರು, ಕಂಟ್ರೋಲರು, ರಿಲೇ ಮೂರೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಆ ಪೆಟ್ಟಿಗೆಯನ್ನು ಹೊರಗೋಡೆಗೆ ಹೊಡೆದರೆ ಮನೆಯ ಯಜಮಾನನನ್ನೇ ಬೀದಿ ಜಗುಲಿಯ ಮೇಲೆ ಕೂರಿಸಿ ತೀರ್ಪು ಕೇಳಿದಂತೆ. ಪೆಟ್ಟಿಗೆ ಕಿತ್ತವನಿಗೆ ಕಾರ್ಡೂ ಬೇಡ, ಬೆರಳೂ ಬೇಡ. ಅಪ್ಪಣೆಯ ತಂತಿಯೇ ಅವನ ಕೈಲಿರುತ್ತದೆ.

ಆದ್ದರಿಂದ ಗೋಡೆಗೆ ಡ್ರಿಲ್ ಹಿಡಿಯುವ ಮುನ್ನ ಗೋಡೆಯನ್ನು ಮನಸ್ಸಿನಲ್ಲಿ ಎರಡಾಗಿ ಸೀಳಿ ನೋಡಬೇಕು. ಹೊರಮುಖಕ್ಕೆ ರೀಡರ್ ಮಾತ್ರ. ಕಂಟ್ರೋಲರ್, ರಿಲೇ, ವಿದ್ಯುತ್ ಪೂರೈಕೆ, ಬ್ಯಾಟರಿ ಎಲ್ಲವೂ ಒಳಮುಖಕ್ಕೆ, ಬೀಗವಿರುವ ಲೋಹದ ಪೆಟ್ಟಿಗೆಯಲ್ಲಿ, ಕೈಗೆ ಸುಲಭವಾಗಿ ಎಟುಕದ ಎತ್ತರದಲ್ಲಿ. ರೀಡರ್ ಮಾತ್ರ ಎಲ್ಲರಿಗೂ ಎಟುಕಬೇಕು: ಗಾಲಿಕುರ್ಚಿಯಲ್ಲಿ ಬಂದವರಿಗೂ ನಿಲುಕುವಂತೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ. ಇವೆರಡರ ನಡುವೆ ಗೋಡೆಯನ್ನು ದಾಟುವ ರಂಧ್ರ ಒಂದೇ, ಅದನ್ನು ಕೊರೆಯುವುದರಲ್ಲೂ ಕುಶಲತೆಯಿದೆ. ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿ ಕೊರೆಯಬೇಕು. ಮಂಡ್ಯ ಜಿಲ್ಲೆಗೆ ವರ್ಷದ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಗಾಳಿ ಸಮೇತ ಗೋಡೆಗೆ ರಾಚುವಂತೆ. ಸಮತಟ್ಟಾಗಿ ಕೊರೆದ ರಂಧ್ರದಲ್ಲಿ ನೀರು ತಂತಿಯನ್ನೇ ಹಿಡಿದುಕೊಂಡು ಒಳಗೆ ಬರುತ್ತದೆ. ಇಳಿಜಾರಿನ ರಂಧ್ರದಲ್ಲಿ ಹೊರಗೇ ತೊಟ್ಟಿಕ್ಕುತ್ತದೆ. ತಂತಿಯನ್ನೂ ರೀಡರಿಗೆ ಸೇರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆತ್ತಿದರೆ ಹನಿ ಆ ಬಾಗಿನಲ್ಲೇ ಉದುರುತ್ತದೆ. ಉಳಿದ ಸಂದನ್ನು ಮುಚ್ಚದಿದ್ದರೆ ಬೆಚ್ಚಗಿನ ಪೆಟ್ಟಿಗೆ ಹುಡುಕಿಕೊಂಡು ಇರುವೆ ಬರುತ್ತದೆ, ಅದರ ಹಿಂದೆ ಹಲ್ಲಿ ಬರುತ್ತದೆ. ಗೋಡೆಯ ಜಾತಿಯನ್ನೂ ನೋಡಬೇಕು. ಸುಟ್ಟಿಟ್ಟಿಗೆ, ಸಿಮೆಂಟ್ ಇಟ್ಟಿಗೆ, ಸೈಜುಗಲ್ಲು ಇವು ಮೊಳೆಯನ್ನು ಹಿಡಿಯುವ ಬಗೆ ಬೇರೆ ಬೇರೆ. ಗಿಲಾವು ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪವಷ್ಟೇ. ಅದರಲ್ಲೇ ನಿಂತ ಸ್ಕ್ರೂ ವರ್ಷದೊಳಗೆ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಗುಲ್ಲಿ ಗಿಲಾವನ್ನು ದಾಟಿ ಇಟ್ಟಿಗೆಯ ಮೈಗೆ ಇಳಿಯಲೇಬೇಕು.

ಇನ್ನು ಬೀಗ. ಇಂಥ ಬಾಗಿಲುಗಳಲ್ಲಿ ಹೆಚ್ಚಾಗಿ ಕಾಣುವುದು ಮ್ಯಾಗ್ನೆಟ್ ಬೀಗ. ಬಾಗಿಲುವಾಡದ ಮೇಲ್ಗಡೆ ವಿದ್ಯುತ್ಕಾಂತ, ಕದದ ಮೇಲೆ ಅದಕ್ಕೆದುರಾಗಿ ಉಕ್ಕಿನ ಪಟ್ಟಿ. ಸಾಧಾರಣ ಮಾದರಿಯೊಂದು 12 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ 6 ವಾಟ್ ಎಳೆದುಕೊಂಡು 280 ಕಿಲೋ ತೂಕದಷ್ಟು ಎಳೆತವನ್ನು ತಡೆಯುತ್ತದೆ. ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಿಮೆ ವಿದ್ಯುತ್ತು ನಾಲ್ಕೈದು ಆಳಿನ ತೂಕವನ್ನು ಹಿಡಿದು ನಿಲ್ಲಿಸುವುದು ಹೇಗೆ? ಕಾಂತ ಮತ್ತು ಪಟ್ಟಿ ಪೂರ್ತಿ ಅಂಟಿಕೊಂಡಾಗ ಕಾಂತರೇಖೆಗಳು ಕಬ್ಬಿಣದೊಳಗೇ ಸುತ್ತು ಮುಗಿಸುತ್ತವೆ. ನಡುವೆ ಒಂದಿಷ್ಟು ಗಾಳಿ ನುಗ್ಗಿದರೂ ಆ ದಾರಿ ಮುರಿಯುತ್ತದೆ, ಏಕೆಂದರೆ ಕಾಂತರೇಖೆಗಳಿಗೆ ಗಾಳಿ ಕಬ್ಬಿಣಕ್ಕಿಂತ ನೂರಾರು ಪಟ್ಟು ಕಠಿಣ ಹಾದಿ. ಎಳೆತ ಕಾಂತಕ್ಷೇತ್ರದ ವರ್ಗಕ್ಕೆ ಅನುಗುಣ. ಕ್ಷೇತ್ರ ಅರ್ಧವಾದರೆ ಹಿಡಿತ ಕಾಲಾಗುತ್ತದೆ. ಹೀಗಾಗಿ ಪಟ್ಟಿಯ ಮೇಲೆ ಬಣ್ಣದ ಪದರವೋ ತುಕ್ಕೋ ಇದ್ದರೆ ಹಿಡಿತ ಗಣನೀಯವಾಗಿ ಕುಸಿಯುತ್ತದೆ. ಅಚ್ಚುಕಟ್ಟಾದ ಕೆಲಸಗಾರರು ಇಲ್ಲೊಂದು ಸಹಜ ತಪ್ಪು ಮಾಡುತ್ತಾರೆ: ಕದದ ಮೇಲಿನ ಉಕ್ಕಿನ ಪಟ್ಟಿಯನ್ನು ಅಲುಗಾಡದಂತೆ ಬಿಗಿದುಬಿಡುತ್ತಾರೆ. ಅದು ಅಲುಗಾಡಬೇಕು. ಪಟ್ಟಿಯ ನಡುವಿನ ಬೋಲ್ಟಿನ ಕೆಳಗೆ ರಬ್ಬರಿನ ವಾಷರ್ ಕೊಡುವುದೇ ಅದಕ್ಕೆ. ಮಳೆಗಾಲದಲ್ಲಿ ಮರದ ಕದ ಊದಿಕೊಂಡಾಗ, ಬಿಜಾಗರಿ ಜಗ್ಗಿದಾಗ, ಸಡಿಲವಾಗಿರುವ ಪಟ್ಟಿ ತಾನೇ ಓರೆಯನ್ನು ಸರಿಮಾಡಿಕೊಂಡು ಕಾಂತಕ್ಕೆ ಮುಖ ಒಡ್ಡುತ್ತದೆ. ಬಿಗಿದ ಪಟ್ಟಿ ಒಂದು ಅಂಚಿನಲ್ಲಷ್ಟೇ ತಾಗಿ ನಿಲ್ಲುತ್ತದೆ. ಬಿಗಿ ಮಾಡಿದ್ದೇ ಬಾಗಿಲಿನ ಬಲವನ್ನು ಕಳೆಯುತ್ತದೆ.

ತಂತಿಯ ವಿಷಯವೂ ಹೀಗೆಯೇ ಕಣ್ಣಿಗೆ ಕಾಣದೆ ಕಳೆಯುವಂಥದು. ವಿದ್ಯುತ್ ಪೆಟ್ಟಿಗೆಯಿಂದ ಬೀಗಕ್ಕೆ 20 ಮೀಟರ್ ದೂರವೆಂದುಕೊಳ್ಳಿ. ಹೋಗಿ ಬರುವ ದಾರಿ 40 ಮೀಟರ್. ರೀಡರಿಗೆ ತಂದಿದ್ದ 0.22 ಚದರ ಮಿಲಿಮೀಟರಿನ ತೆಳು ತಾಮ್ರದ ತಂತಿಯನ್ನೇ ಬೀಗಕ್ಕೂ ಎಳೆದರೆ ಅದರ ತಡೆ ಸುಮಾರು 3.2 ಓಮ್. ಬೀಗದ ಸುರುಳಿಯ ತಡೆ 24 ಓಮ್. ಅರ್ಧ ಆಂಪಿಯರ್ ಹರಿಯಬೇಕಾದಲ್ಲಿ 0.44 ಆಂಪಿಯರ್ ಹರಿಯುತ್ತದೆ, ವರ್ಗದ ನಿಯಮದಂತೆ ಹಿಡಿತ ಐದನೆಯ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಅದೇ 1 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ನೂರಕ್ಕೆ ಆರರ ಆಸುಪಾಸು. ಶಿವನಸಮುದ್ರದ ಎಂಜಿನಿಯರುಗಳು ಗಣಿಯವರೆಗೆ ವೋಲ್ಟೇಜನ್ನು ಏರಿಸಿ ಕಳಿಸಿದ್ದು ಈ ನಷ್ಟವನ್ನು ತಪ್ಪಿಸಲೆಂದೇ. ಹನ್ನೆರಡು ವೋಲ್ಟಿನ ಬಾಗಿಲಿನಲ್ಲಿ ವೋಲ್ಟೇಜ್ ಏರಿಸುವ ಸ್ವಾತಂತ್ರ್ಯ ನಮಗಿಲ್ಲ. ಉಳಿದಿರುವ ದಾರಿ ಎರಡೇ: ತಂತಿ ದಪ್ಪಗಿರಲಿ, ವಿದ್ಯುತ್ ಪೆಟ್ಟಿಗೆ ಬಾಗಿಲಿಗೆ ಹತ್ತಿರವಿರಲಿ.

ಇಲ್ಲಿಯವರೆಗೆ ಹೊರಗಿನವನನ್ನು ತಡೆಯುವ ಮಾತಾಯಿತು. ವಾದದ ಎರಡನೆಯ ಅರ್ಧ ಇದಕ್ಕಿಂತ ಮುಖ್ಯ. ಕರೆಂಟು ಹೋದರೆ ಬಾಗಿಲು ಯಾರ ಪಕ್ಷ? ಮ್ಯಾಗ್ನೆಟ್ ಬೀಗ ವಿದ್ಯುತ್ತಿದ್ದರೆ ಹಿಡಿಯುತ್ತದೆ, ಹೋದರೆ ಬಿಡುತ್ತದೆ. ಇನ್ನೊಂದು ಬಗೆಯ ಬೀಗ ಇದಕ್ಕೆ ತದ್ವಿರುದ್ಧ, ವಿದ್ಯುತ್ತು ಬಂದಾಗ ಮಾತ್ರ ಬಿಡುತ್ತದೆ. ಮೊದಲನೆಯದು ಕೆಟ್ಟಾಗ ಜನರ ಪಕ್ಷ ವಹಿಸುತ್ತದೆ, ಎರಡನೆಯದು ಸೊತ್ತಿನ ಪಕ್ಷ. ಕೆಡುವಾಗ ಯಾವ ಕಡೆಗೆ ವಾಲಬೇಕೆಂದು ಮೊದಲೇ ನಿರ್ಧರಿಸಿ ಕಟ್ಟುವ ವಿವೇಕವನ್ನು ಮಂಡ್ಯ ಜಿಲ್ಲೆಯವರು ಕನ್ನಂಬಾಡಿಯಲ್ಲಿ ನೋಡಿದ್ದಾರೆ. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್ವಾಸ್ಲಾದಲ್ಲಿ 1903ರಲ್ಲಿ ಅಳವಡಿಸಿದ, ನೀರು ಮಟ್ಟ ಮೀರಿದಾಗ ತಾವಾಗಿ ತೆರೆದುಕೊಳ್ಳುವ ಗೇಟುಗಳ ತತ್ವ ಆಮೇಲೆ ಕನ್ನಂಬಾಡಿಯ ಕೃಷ್ಣರಾಜಸಾಗರಕ್ಕೂ ಬಂತು. ಕಾವಲುಗಾರ ನಿದ್ದೆ ಹೋಗಿರಲಿ, ಅಪ್ಪಣೆ ತಡವಾಗಿರಲಿ, ಏರಿದ ನೀರೇ ಗೇಟಿಗೆ ಅಪ್ಪಣೆ ಕೊಡುತ್ತದೆ. ಜನರಿರುವ ಕೋಣೆಯ ಬಾಗಿಲಿಗೂ ಇದೇ ಗುಣ ಬೇಕು. ಅಪಾಯ ಬಂದಾಗ ಯಾರನ್ನೂ ಕೇಳದೆ ಅದು ತೆರೆದುಕೊಳ್ಳುವಂತಿರಬೇಕು.

ಹಾಗಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಸಾಕ್ಷ್ಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆಯಿಂದ ಪಾರಾಗಲು ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಬಿದ್ದಿದ್ದ ಸಂಗತಿ ಆಮೇಲೆ ಹೊರಬಂತು. ಅದಕ್ಕೂ ಸುಮಾರು ಒಂದು ಶತಮಾನದ ಹಿಂದೆ, 1911ರ ಮಾರ್ಚ್ 25ರಂದು, ನ್ಯೂಯಾರ್ಕಿನ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಯಲ್ಲಿ 146 ಕೆಲಸಗಾರರು ಸತ್ತರು, ಬಹುತೇಕ ಎಳೆಯ ಹೆಣ್ಣುಮಕ್ಕಳು. ಕಳ್ಳತನವಾದೀತೆಂಬ ಅನುಮಾನದಲ್ಲಿ ಅಲ್ಲಿನ ಬಾಗಿಲಿಗೆ ಬೀಗ ಹಾಕಲಾಗಿತ್ತು. ಎರಡು ಕಡೆಯೂ ಬೀಗ ಕೆಟ್ಟಿರಲಿಲ್ಲ. ತನ್ನ ಕೆಲಸವನ್ನು ಚಾಚೂತಪ್ಪದೆ ಮಾಡಿತ್ತು. ಒಳಗಿನವರನ್ನೂ ಹೊರಗಿನವರೆಂದೇ ಎಣಿಸುವ ಹಾಗೆ ಅದನ್ನು ಹಾಕಿದ್ದರು, ಅಷ್ಟೆ.

ಹೊರಹೋಗಲು ಎಕ್ಸಿಟ್ ಬಟನ್ ಇದ್ದೇ ಇರುತ್ತದಲ್ಲ ಎಂದು ಕೆಲವರು ಹೇಳಬಹುದು. ಇರುತ್ತದೆ, ಅದರ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದು ಪ್ರಶ್ನೆ. ಬಹಳಷ್ಟು ಕಡೆ ಅದು ಕಂಟ್ರೋಲರಿಗೆ ಹೋಗುತ್ತದೆ. ಅಂದರೆ ಒಳಗಿರುವವರು ಬಟನ್ ಒತ್ತಿ ಸಲ್ಲಿಸುವುದೂ ಒಂದು ಕೋರಿಕೆ. ಕಂಟ್ರೋಲರ್ ಎಚ್ಚರವಾಗಿದ್ದು ಒಪ್ಪಿದರೆ ಮಾತ್ರ ಬಾಗಿಲು ಬಿಡುತ್ತದೆ. ಕಂಟ್ರೋಲರಿನ ಕಂಪ್ಯೂಟರು ಸ್ತಬ್ಧವಾಗಬಹುದು. ರಿಲೇ ಕೈಕೊಡುವುದಂತೂ ಇನ್ನೂ ಸಹಜ. ವಿದ್ಯುತ್ಕಾಂತದ ಸುರುಳಿಯಲ್ಲಿ ಶಕ್ತಿ ಕೂಡಿಟ್ಟಿರುತ್ತದೆ. ವಿದ್ಯುತ್ತನ್ನು ತಟ್ಟನೆ ಕಡಿದಾಗ ಆ ಶಕ್ತಿ ಹರಿಯಲು ದಾರಿ ಹುಡುಕಿ ರಿಲೇಯ ತುದಿಗಳ ನಡುವೆ ಕಿಡಿಯಾಗಿ ಹಾರುತ್ತದೆ. ದಿನಕ್ಕೆ ನೂರು ಸಲ ಹೀಗೆ ಕಿಡಿ ಹಾರಿದರೆ ಒಂದು ದಿನ ಆ ತುದಿಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಕಂಟ್ರೋಲರ್ ಎಷ್ಟು ಹೇಳಿದರೂ ಬೀಗದ ವಿದ್ಯುತ್ತು ನಿಲ್ಲುವುದಿಲ್ಲ, ಬಾಗಿಲು ಬಿಡುವುದಿಲ್ಲ. ಕಿಡಿಗೆ ಮದ್ದು ಕೆಲವೇ ರೂಪಾಯಿಯ ಒಂದು ಡಯೋಡ್. ಬೀಗದ ಎರಡು ತಂತಿಗಳಿಗೆ ಅಡ್ಡಲಾಗಿ, ದಿಕ್ಕು ನೋಡಿ ಜೋಡಿಸಿದರೆ ಸುರುಳಿಯ ಶಕ್ತಿ ಅದರೊಳಗೇ ಸುತ್ತಿ ಶಮನವಾಗುತ್ತದೆ. ಆದರೂ ಡಯೋಡನ್ನೊಂದೇ ನಂಬಿ ಮನುಷ್ಯರನ್ನು ಒಳಗೆ ಕೂರಿಸಬಾರದು. ಒಳಗಿನ ಬಟನ್ ಬೀಗದ ವಿದ್ಯುತ್ತನ್ನೇ ನೇರವಾಗಿ ಕಡಿಯಬೇಕು. ಕಂಟ್ರೋಲರಿಗೆ ಸುದ್ದಿ ಮುಟ್ಟಿಸುವುದು ಅದರ ಎರಡನೆಯ ಕೆಲಸ. ಬೆಂಕಿಯ ಗಂಟೆ ಹೊಡೆದಾಗಲೂ ಹೀಗೆಯೇ ನೇರವಾಗಿ ಕಡಿಯಬೇಕು. ಲಾಳವಿಂಡಿಗೆಯನ್ನು ಸರಿಸುವ ಕೈ ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕರೆಂಟು ಹೋದೊಡನೆ ಬಾಗಿಲು ಬಿಟ್ಟುಕೊಡುವುದಾದರೆ ಕಳ್ಳ ಮೀಟರ್ ಬೋರ್ಡಿನ ಫ್ಯೂಸು ಕಿತ್ತರೆ ಸಾಕಲ್ಲವೇ? ಕರೆಂಟು ಕೈಕೊಡುವುದು ಅಪರೂಪವಲ್ಲದ ಕಡೆ ಇದು ಎಂಥ ಭದ್ರತೆ? ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಉತ್ತರ ಮೂರು ಹಂತದಲ್ಲಿದೆ. ಮೊದಲನೆಯದು ಬ್ಯಾಟರಿ. ಬೀಗ ಅರ್ಧ ಆಂಪಿಯರ್, ಕಂಟ್ರೋಲರ್ ಮತ್ತು ರೀಡರ್ ಸೇರಿ 0.2 ಆಂಪಿಯರ್ ಎಳೆದರೆ 7 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕಕ್ಕೆ ಹತ್ತು ಗಂಟೆ, ವಾಸ್ತವದಲ್ಲಿ ಏಳೆಂಟು ಗಂಟೆ ಬಾಗಿಲನ್ನು ಹಿಡಿದಿಡುತ್ತದೆ. ಬ್ಯಾಟರಿ ಹಳತಾದಂತೆ ಆ ಅವಧಿ ಕುಗ್ಗುತ್ತದೆ. ಎರಡನೆಯದು, ರಾತ್ರಿ ಯಾರೂ ಒಳಗಿರದ ಕಟ್ಟಡಕ್ಕೆ ಮ್ಯಾಗ್ನೆಟ್ ಬೀಗವೊಂದೇ ಕಾವಲಾಗಬಾರದು. ಎಲ್ಲರೂ ಹೊರಟ ಮೇಲೆ ಹಳೆಯ ಕಬ್ಬಿಣದ ಬೀಗವನ್ನೂ ಹಾಕಬೇಕು. ಮೂರನೆಯದು, ಔಷಧಿಯ ಉಗ್ರಾಣ, ನಗದಿನ ಕೋಣೆಯಂಥ ಕಡೆ ವಿದ್ಯುತ್ತು ಹೋದಾಗಲೂ ಹೊರಗಿನಿಂದ ಮುಚ್ಚಿಯೇ ಇರುವ ಬೀಗ ಹಾಕಬಹುದು. ಆದರೆ ಅದರ ಒಳಮುಖದಲ್ಲಿ ಕೈಯಿಂದ ತಿರುಗಿಸುವ ಹಿಡಿ ಇರಲೇಬೇಕು. ಆ ಹಿಡಿ ಬೀಗದ ನಾಲಿಗೆಯನ್ನು ನೇರವಾಗಿ ಎಳೆಯುತ್ತದೆ, ವಿದ್ಯುತ್ತಿನ ಹಂಗಿಲ್ಲ. ಹೊರಗಿನವನಿಗೆ ಮುಚ್ಚಿದ್ದು, ಒಳಗಿನವನಿಗೆ ತೆರೆದದ್ದು ಎರಡೂ ಒಂದೇ ಬಾಗಿಲಾಗಬಹುದು. ಸೊತ್ತೋ ಪ್ರಾಣವೋ ಎಂಬ ಇಕ್ಕಟ್ಟು ಹುಟ್ಟುವುದು ಗೋಡೆಗೆ ಎರಡು ಮುಖವಿದೆ ಎಂಬುದನ್ನು ಮರೆತಾಗ.

ಮತ್ತೊಂದು ಆಕ್ಷೇಪ: ಬಾಗಿಲಿನ ದೌರ್ಬಲ್ಯವನ್ನೆಲ್ಲ ಹೀಗೆ ಬಯಲಿಗಿಡುವುದು ಸರಿಯೇ, ಕಳ್ಳರೂ ಓದುವುದಿಲ್ಲವೇ? ಈ ಪ್ರಶ್ನೆ 1851ರಲ್ಲೇ ಎದ್ದಿತ್ತು. ಲಂಡನ್ನಿನ ಮಹಾಪ್ರದರ್ಶನದ ಕಾಲದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕುಶಲಿ, ತೆರೆಯಲಾಗದೆಂದು ಹೆಸರಾಗಿದ್ದ ಬ್ರಾಮಾ ಮತ್ತು ಚಬ್ ಬೀಗಗಳನ್ನು ಕೀಲಿಯಿಲ್ಲದೆ ತೆರೆದು ತೋರಿಸಿದ. ಗುಲ್ಲೆದ್ದಿತು. ಫಲವಾಗಿ ಬೀಗಗಳು ಸುಧಾರಿಸಿದವು. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ ಇದನ್ನೇ ಗುಪ್ತಲಿಪಿಗೆ ಸೂತ್ರವಾಗಿ ಕೊಟ್ಟ: ವ್ಯವಸ್ಥೆಯ ರಚನೆ ಶತ್ರುವಿಗೆ ತಿಳಿದರೂ ಅದು ಭದ್ರವಾಗಿರಬೇಕು, ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ಇದನ್ನು ಕಡೆಗಣಿಸಿದ ಫಲ 2008ರಲ್ಲಿ ಕಾಣಿಸಿತು. ಜಗತ್ತಿನಾದ್ಯಂತ ಬಾಗಿಲುಗಳಿಗೂ ಬಸ್ಸು ರೈಲುಗಳಿಗೂ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಭದ್ರತೆ, ಗುಟ್ಟಾಗಿಟ್ಟಿದ್ದ ಲೆಕ್ಕಾಚಾರವೊಂದರ ಮೇಲೆ ನಿಂತಿತ್ತು. ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಮುರಿದು ಪ್ರಕಟಿಸಿದರು. ವೀಗಾಂಡ್ ತಂತಿಯಲ್ಲಂತೂ ಸಂಖ್ಯೆ ಯಾವ ಮುಸುಕೂ ಇಲ್ಲದೆ ಹರಿಯುತ್ತದೆ. ಅದಕ್ಕಾಗಿಯೇ ಈಗ ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವ, ರೀಡರನ್ನು ಯಾರಾದರೂ ಕಿತ್ತರೆ ಕೂಡಲೇ ತಿಳಿಸುವ ಓಎಸ್‌ಡಿಪಿ ಪದ್ಧತಿ ಬಂದಿದೆ. ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು. ದೌರ್ಬಲ್ಯ ಗೊತ್ತಿಲ್ಲದೆ ಯಾರೂ ಹಾಗೆ ಕೇಳುವುದಿಲ್ಲ.

ಕಾರ್ಡಿನ ಗೊಡವೆಯೇ ಬೇಡ, ಬೆರಳಚ್ಚು ಇಡೋಣ, ಅದನ್ನು ಯಾರೂ ಕದಿಯಲಾರರು, ಕಳೆದುಕೊಳ್ಳಲಾರರು ಎನ್ನುವವರೂ ಇದ್ದಾರೆ. ಮಂಡ್ಯ ಜಿಲ್ಲೆಯ ಕೈಗಳನ್ನು ನೋಡಿದರೆ ಈ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಬೆರಳಚ್ಚೆಂದರೆ ಚರ್ಮದ ಏರುತಗ್ಗು. ಕಬ್ಬಿನ ಜಲ್ಲೆ ಹಿಡಿದು ಗರಿ ಸುಲಿದ ಕೈಗಳಲ್ಲಿ, ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿದ ಕೈಗಳಲ್ಲಿ, ಬಿಸಿನೀರಿನಲ್ಲಿ ರೇಷ್ಮೆಗೂಡು ಅದ್ದಿ ನೂಲು ತೆಗೆದ ಬೆರಳುಗಳಲ್ಲಿ ಆ ಏರುತಗ್ಗು ಸವೆದಿರುತ್ತದೆ. ವಯಸ್ಸಾದಂತೆ ಇನ್ನಷ್ಟು ಮಾಸುತ್ತದೆ. ಪಡಿತರ ಅಂಗಡಿಯ ಯಂತ್ರದ ಮುಂದೆ ಅಜ್ಜಿಯರು ಒಂದಾದ ಮೇಲೊಂದು ಬೆರಳು ಒತ್ತಿ ನೋಡುವುದು ಇದಕ್ಕಾಗಿಯೇ. ಯಂತ್ರವನ್ನು ಸಡಿಲ ಮಾಡಿದರೆ ಪರಕೀಯರನ್ನು ಒಪ್ಪೀತು, ಬಿಗಿ ಮಾಡಿದರೆ ತನ್ನವರನ್ನೇ ತಳ್ಳೀತು. ಈ ಎರಡು ತಪ್ಪುಗಳಲ್ಲಿ ಒಂದನ್ನು ತಗ್ಗಿಸಿದರೆ ಇನ್ನೊಂದು ಏರುವುದು ಗಣಿತದ ನಿಯಮ. ಕಾರ್ಡು ಕಳೆದರೆ ಪಟ್ಟಿಯಿಂದ ಸಂಖ್ಯೆ ಅಳಿಸಿ ಹೊಸದು ಕೊಡಬಹುದು. ಬೆರಳಿನ ಮಾಹಿತಿ ಸೋರಿದರೆ ಹೊಸ ಬೆರಳು ಕೊಡಲಾಗದು. ಬೆರಳಚ್ಚು ಬಳಸಲೇಬೇಕಾದ ಕಡೆ ಅದರ ದಾಖಲೆ ಹೊರಗೋಡೆಯ ಪೆಟ್ಟಿಗೆಯಲ್ಲಿರದೆ ಒಳಗಿನ ಕಂಟ್ರೋಲರಿನಲ್ಲಿರಬೇಕು, ಬೆರಳು ಒಲ್ಲದವರಿಗೆ ಕಾರ್ಡಿನ ದಾರಿಯೂ ತೆರೆದಿರಬೇಕು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಸರಳ: ನಮ್ಮಂಥ ಸಣ್ಣ ಊರಿಗೆ ಇದೆಲ್ಲ ಏಕೆ, ಒಂದು ಒಳ್ಳೆಯ ಬೀಗ ಸಾಲದೇ? ಒಬ್ಬನೇ ಯಜಮಾನನಿರುವ ಅಂಗಡಿಗೆ ಸಾಕು, ಅಲ್ಲಿ ಕಂಟ್ರೋಲರ್ ದಂಡದ ಖರ್ಚು. ಕೀಲಿ ಸೋಲುವುದು ಅದು ಹತ್ತು ಕೈಗೆ ಹೋದಾಗ. ಕೊಟ್ಟ ಕೀಲಿಯ ನಕಲು ಎಷ್ಟಾಗಿದೆ ಎಂದು ತಿಳಿಯುವ ದಾರಿಯಿಲ್ಲ. ಕೆಲಸ ಬಿಟ್ಟವರ ಕೀಲಿಯನ್ನು ನಿಜವಾಗಿ ಹಿಂಪಡೆಯಬೇಕಾದರೆ ಬೀಗವನ್ನೇ ಬದಲಿಸಬೇಕು. ಯಾರು, ಯಾವಾಗ ತೆರೆದರು ಎಂದು ಕೀಲಿ ಹೇಳುವುದಿಲ್ಲ. ಒಬ್ಬರ ನಂಬಿಕೆಗೆ ಮೀರಿದ ಸೊತ್ತನ್ನು ಹೇಗೆ ಕಾಯಬೇಕೆಂಬುದಕ್ಕೆ ಮಂಡ್ಯದಲ್ಲೇ ಮಾದರಿಯಿದೆ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಕಿರೀಟ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ವರ್ಷಕ್ಕೊಮ್ಮೆ ಉತ್ಸವಕ್ಕೆ ಅದು ಹೊರಬರುವುದು ಅಧಿಕಾರಿಗಳ ಸಮ್ಮುಖದಲ್ಲಿ, ಪೊಲೀಸ್ ಬಂದೋಬಸ್ತಿನಲ್ಲಿ. ಒಬ್ಬನೇ ತೆರೆಯಬಾರದು, ತೆರೆದದ್ದಕ್ಕೆ ಸಾಕ್ಷಿ ಇರಬೇಕು ಎಂಬ ಈ ಎರಡು ನಿಯಮಗಳನ್ನೇ ಕಂಟ್ರೋಲರ್ ದಿನನಿತ್ಯದ ಬಾಗಿಲಿಗೆ ಇಳಿಸಿಕೊಡುತ್ತದೆ. ಎರಡು ಕಾರ್ಡು ಒಟ್ಟಿಗೆ ಬಂದರೆ ಮಾತ್ರ ತೆರೆಯುವಂತೆ ಹೇಳಬಹುದು, ಪ್ರತಿ ತೆರೆಯುವಿಕೆಯ ಹೊತ್ತನ್ನೂ ಬರೆದಿಡಬಹುದು. ಆ ಬರಹವೂ ಕಾಯಬೇಕಾದ ಸೊತ್ತೇ. ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದು ಅವರವರ ಬದುಕಿನ ವಿವರ. ಅದನ್ನು ಬಾಗಿಲಿನ ಕೆಲಸಕ್ಕೆ ಮಾತ್ರ ಬಳಸಿ, ಬೇಡವಾದಾಗ ಅಳಿಸುವುದು ಬಾಗಿಲು ಹಾಕಿಸಿದವರ ಹೊಣೆ.

ಹಾಗಾದರೆ ಕೆಲಸ ಮುಗಿಸಿದ ಎಲೆಕ್ಟ್ರಿಷಿಯನ್ ಏಣಿ ಮಡಿಸುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಹೊರಗೆ ನಿಂತು ರೀಡರನ್ನು ಗೋಡೆಯಿಂದ ಬಿಚ್ಚಿ ನೋಡಿ. ಅದರ ಹಿಂದೆ ಬೀಗಕ್ಕೆ ಹೋಗುವ ಒಂದು ತಂತಿಯೂ ಇರಬಾರದು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮೇನ್ ಆರಿಸಿ. ಬ್ಯಾಟರಿ ಬಾಗಿಲನ್ನು ಹಿಡಿದಿರಬೇಕು. ಈಗ ಕಂಟ್ರೋಲರಿನ ವಿದ್ಯುತ್ತನ್ನಷ್ಟೇ ಕಿತ್ತು, ರಿಲೇಯ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ, ಯಂತ್ರ ಕೆಟ್ಟು ಬಾಗಿಲು ಬಿಗಿದುಕೊಂಡಿದೆ ಎಂದೇ ಭಾವಿಸಿ, ದೀಪ ಆರಿಸಿ, ಕತ್ತಲಲ್ಲಿ ಕೈಚಾಚಿ ಒಳಗಿನ ಬಟನ್ ಒತ್ತಿ. ಕದ ಬಿಟ್ಟರೆ ಆ ಬಾಗಿಲಿನ ಹಿಂದೆ ಜನರನ್ನು ಕೂರಿಸಬಹುದು. ಬಿಡದಿದ್ದರೆ ಏಣಿ ಮತ್ತೆ ಬಿಚ್ಚಲಿ.